ದೊರೆಯ ಕಾಡು, ಎರೆಯ ಬಯಲು

ಬೇಟೆಕಾಡುಗಳ ಚರಿತ್ರೆಯ ಬಗ್ಗೆ ಮಾತಾಡುತ್ತೇನೆ ಎಂದಾಗ ಈ ಉಪನ್ಯಾಸದ ಸಂಘಟಕರು ಒಂದು ಗಳಿಗೆ ಸುಮ್ಮನಾದರು. ಬಳ್ಳಾರಿಯಲ್ಲಿ ಕಾಡೆಲ್ಲಿದೆ ಎಂಬ ಪ್ರಶ್ನೆ ಅವರ ಬಾಯಿತನಕ ಬಂದು ನಿಂತಿತ್ತು. ಪ್ರಶ್ನೆ ಸರಿಯೇ. ಅರಸನೊಬ್ಬ ತನ್ನ ಬೇಟೆಗೆಂದೇ ಕಾಡು ಕಾದಿಟ್ಟರೆ ಏನಾಗುತ್ತದೆ ಎಂಬುದನ್ನು ಮೈಸೂರು ಸೀಮೆಯಲ್ಲಿ ನೋಡಬಹುದು. ಯಾರೂ ಕಾದಿಡದ ನೆಲಕ್ಕೆ ಏನಾಗುತ್ತದೆ ಎಂಬುದನ್ನು ನೋಡಲು ಸಿರುಗುಪ್ಪದ ಎರೆ ಹೊಲಗಳಿಗೇ ಬರಬೇಕು. ಎರಡನ್ನೂ ಪಕ್ಕದಲ್ಲಿಟ್ಟು ನೋಡುವುದು ಇವತ್ತಿನ ಕೆಲಸ.

ಬೇಟೆಗೆಂದು ಕಾಡು ಕಾಯುವ ಯೋಚನೆ ಬ್ರಿಟಿಷರು ತಂದದ್ದಲ್ಲ. ಕೌಟಿಲ್ಯನ ಅರ್ಥಶಾಸ್ತ್ರದಲ್ಲಿ ರಾಜನ ವಿಹಾರಕ್ಕೆಂದು ಮೃಗವನ ಮಾಡಿಸಬೇಕೆಂಬ ವಿಧಿ ಇದೆ. ಸುತ್ತ ಕಂದಕ, ಒಳಹೋಗಲು ಒಂದೇ ಬಾಗಿಲು, ಒಳಗೆ ಹಣ್ಣಿನ ಮರ, ಮುಳ್ಳಿಲ್ಲದ ಗಿಡ, ನೀರಿನ ಹೊಂಡ. ಹುಲಿಯಂಥ ಪ್ರಾಣಿಗಳೂ ಇರಬೇಕು, ಆದರೆ ಉಗುರು ಹಲ್ಲು ತೆಗೆದಿರಬೇಕು! ರಾಜನ ಶೌರ್ಯಕ್ಕೆ ಇಷ್ಟು ಮುನ್ನೆಚ್ಚರಿಕೆ ಬೇಕಿತ್ತೆಂದು ಓದುವಾಗ ನಗು ಬರುತ್ತದೆ. ಅದರ ಬೆನ್ನಿಗೇ ಕೌಟಿಲ್ಯ ಇನ್ನೊಂದು ವನವನ್ನೂ ಹೇಳುತ್ತಾನೆ. ನಾಡಿನ ಅಂಚಿನಲ್ಲಿ, ಎಲ್ಲ ಮೃಗಗಳೂ ಅತಿಥಿಗಳಾಗಿ ಬಂದಿರಬಹುದಾದ ವನ. ನಮ್ಮ ಅರಸರು ಮೊದಲನೆಯದನ್ನು ಮನಸ್ಸಿಟ್ಟು ಪಾಲಿಸಿದರು. ಎರಡನೆಯದು ಹೆಚ್ಚಾಗಿ ಪುಸ್ತಕದಲ್ಲೇ ಉಳಿಯಿತು.

ನಮ್ಮ ಸೀಮೆಯಲ್ಲೂ ಬೇಟೆಗೆ ದೊಡ್ಡ ಗೌರವವಿತ್ತು. ಹಂಪಿಯ ಮಹಾನವಮಿ ದಿಬ್ಬದ ಪಟ್ಟಿಕೆಗಳಲ್ಲಿ ಜಿಂಕೆ ಬೇಟೆಯ ಸಾಲುಗಳಿವೆ. ಕಲ್ಯಾಣದ ಚಾಲುಕ್ಯ ಮೂರನೆಯ ಸೋಮೇಶ್ವರ ಹನ್ನೆರಡನೆಯ ಶತಮಾನದಲ್ಲಿ ಬರೆದ ಮಾನಸೋಲ್ಲಾಸದಲ್ಲಿ ಬೇಟೆ ಅರಸನ ವಿನೋದಗಳಲ್ಲೊಂದು. ಅದರ ಬಗೆಗಳನ್ನೆಲ್ಲ ಅವನು ಬಿಡಿಸಿ ಹೇಳುತ್ತಾನೆ. ಮಂಡ್ಯ ಸೀಮೆಯ ಆತಕೂರಿನಲ್ಲಿ ಸಿಕ್ಕ ಹತ್ತನೆಯ ಶತಮಾನದ ಕಲ್ಲು ಇನ್ನೂ ಸ್ವಾರಸ್ಯದ್ದು. ಹಂದಿಯೊಡನೆ ಹೋರಾಡಿ ಸತ್ತ ಕಾಳಿ ಎಂಬ ನಾಯಿಗೆ ನಿಲ್ಲಿಸಿದ ಕಲ್ಲು ಅದು. ಆ ಕಾಲದಲ್ಲಿ ಬೇಟೆ ಅರಸನದಷ್ಟೇ ಆಗಿರಲಿಲ್ಲ. ಬೇಡರಿಗೆ ಅದು ಬದುಕು, ಕುರಿಗಾರನಿಗೆ ಮಂದೆಯ ಕಾವಲು. ಯುಗಾದಿಯ ಮಾರನೆಯ ದಿನ ಊರಿಗೆ ಊರೇ ಬಲೆ, ಬಡಿಗೆ, ನಾಯಿ ಹಿಡಿದು ಹೊರಡುವ ಪದ್ಧತಿ ನಮ್ಮ ಅಜ್ಜಂದಿರ ಕಾಲದವರೆಗೂ ಬಂತು. ಅರಸ ಬೇಟೆಯಾಡುತ್ತಿದ್ದ, ಊರವನೂ ಆಡುತ್ತಿದ್ದ. ಊರವನ ಬೇಟೆ ಅಪರಾಧವಾಗಿ ಅರಸನ ಬೇಟೆ ಹಕ್ಕಾದದ್ದು ಹತ್ತೊಂಬತ್ತನೆಯ ಶತಮಾನದ ಕೊನೆಗೆ ಬಂದ ಕಾಗದಗಳಿಂದ.

ಮೈಸೂರು ಸಂಸ್ಥಾನದಲ್ಲಿ ಅರಣ್ಯ ಇಲಾಖೆ ಹುಟ್ಟಿದ್ದು 1864ರಲ್ಲಿ, ಬ್ರಿಟಿಷ್ ಕಮಿಷನರುಗಳ ಆಳ್ವಿಕೆಯಲ್ಲಿ. 1900ರಲ್ಲಿ ಅರಣ್ಯ ರೆಗ್ಯುಲೇಷನ್ ಬಂತು, 1901ರಲ್ಲಿ ಬೇಟೆಯ ಪ್ರಾಣಿ ಮತ್ತು ಮೀನುಗಳ ರಕ್ಷಣೆಯ ರೆಗ್ಯುಲೇಷನ್. ಎರಡನೆಯದರ ಹೆಸರಲ್ಲಿ ರಕ್ಷಣೆ ಇದೆ ಎಂದು ಮೋಸಹೋಗಬಾರದು. ಯಾರು ಕೊಲ್ಲಬಹುದು, ಯಾವ ತಿಂಗಳಲ್ಲಿ, ಯಾವ ಲೈಸೆನ್ಸಿನ ಮೇಲೆ ಎಂಬುದೇ ಅಂಥ ಕಾನೂನುಗಳ ತಿರುಳು. ರಕ್ಷಿಸಬೇಕಾದದ್ದು ಬೇಟೆಯ ಸರಬರಾಜು. ಜಿಂಕೆ, ಕಡವೆ, ಕಾಟಿ ಬೇಟೆಯ ಪ್ರಾಣಿಗಳೆಂಬ ಮರ್ಯಾದೆ ಪಡೆದವು. ಅದೇ ಜಿಂಕೆಯನ್ನು ತಿಂದು ಬದುಕುವ ಸೀಳುನಾಯಿ ದೊರೆಯ ಪಾಲು ಕದಿಯುವ ಕಳ್ಳನಾಯಿತು. ಅದರ ತಲೆಗೆ ಇನಾಮು ಕೊಡುವ ಪದ್ಧತಿ ದೇಶದುದ್ದಕ್ಕೂ ಬಹುಕಾಲ ನಡೆಯಿತು. ಹುಲಿಯ ಸ್ಥಿತಿ ಎಡವಟ್ಟಿನದು. ಊರ ಬಳಿ ಬಂದರೆ ಇನಾಮಿಗೆ ಕೊಲ್ಲಬೇಕಾದ ಉಪದ್ರವ, ದೊರೆಯ ಕಾಡಿನಲ್ಲಿದ್ದರೆ ಅತಿಥಿಗಳಿಗೆಂದು ಕಾದಿರಿಸಿದ ಸಂಪತ್ತು.

ಅಂಥ ಕಾದಿರಿಸಿದ ಕಾಡುಗಳಲ್ಲಿ ಹೆಸರಾದದ್ದು ಗುಂಡ್ಲುಪೇಟೆಯ ಕಡೆಯ ಬಂಡೀಪುರ. ಮೈಸೂರು ಮಹಾರಾಜರ ಬೇಟೆಕಾಡಾಗಿದ್ದ ಈ ನೆಲದಲ್ಲಿ ಸುಮಾರು 90 ಚದರ ಕಿಲೋಮೀಟರನ್ನು 1931ರಲ್ಲಿ ವನ್ಯಧಾಮವೆಂದು ಗುರುತಿಸಲಾಯಿತು. 1941ರ ಹೊತ್ತಿಗೆ ಅದರ ಎಲ್ಲೆ 800 ಚದರ ಕಿಲೋಮೀಟರು ಮೀರಿ ಹಬ್ಬಿತು, ಹೆಸರು ವೇಣುಗೋಪಾಲ ವನ್ಯಜೀವಿ ಉದ್ಯಾನ. ಹಿಮವದ್ ಗೋಪಾಲಸ್ವಾಮಿ ಬೆಟ್ಟದ ಮೇಲೆ ಕೊಳಲು ಹಿಡಿದು ನಿಂತ ದೇವರ ಹೆಸರದು. ಬೇಟೆಗೆ ಕಾದಿಟ್ಟ ಕಾಡು, ದನ ಕಾಯುವ ದೇವರ ಹೆಸರು. ಮುಂದೆ ದನಗಳಿಗೇ ಆ ಕಾಡಿನೊಳಗೆ ಪ್ರವೇಶವಿಲ್ಲದಂತಾಯಿತು.

ಅರಸರ ಬೇಟೆ ಹೇಗೆ ನಡೆಯುತ್ತಿತ್ತು ಎಂಬುದನ್ನು ಸ್ವಲ್ಪ ನಿಧಾನವಾಗಿ ನೋಡೋಣ, ಏಕೆಂದರೆ ಹಳೆಯ ಫೋಟೋಗಳಲ್ಲಿ ಅದು ಕಾಣುವುದಿಲ್ಲ. ಫೋಟೋದಲ್ಲಿ ಸತ್ತ ಹುಲಿ, ಅದರ ಹಿಂದೆ ಕೋವಿ ಹಿಡಿದ ಸಾಹೇಬ, ಹಿಂದಿನ ಸಾಲಿನಲ್ಲಿ ಮುಖ ಮಸುಕಾದ ಹತ್ತಾರು ಜನ. ಬೇಟೆಯ ಕೆಲಸವೆಲ್ಲ ಆ ಮಸುಕು ಮುಖಗಳದು. ಹುಲಿಯ ಹೆಜ್ಜೆ ಹಿಡಿದು ಯಾವ ಹಳ್ಳದಲ್ಲಿ ಮಲಗಿದೆ ಎಂದು ಹೇಳುವವನು ಜೇನುಕುರುಬ ಅಥವಾ ಸೋಲಿಗ. ಎಳೆಗರುವನ್ನು ಕಟ್ಟಿಹಾಕಿ, ಬೆಳಿಗ್ಗೆ ಹೋಗಿ ಹುಲಿ ಹೊಡೆದಿದೆಯೇ ಎಂದು ನೋಡಿಬರುವವನೂ ಅವನೇ. ಮರದ ಮೇಲೆ ಅಟ್ಟಣೆ ಕಟ್ಟಿ ದೊಡ್ಡವರನ್ನು ಕೂರಿಸಿದ ಮೇಲೆ, ತಮಟೆ ತಗಡು ಬಡಿಯುತ್ತ, ಕೂಗು ಹಾಕುತ್ತ, ಪೊದೆಗೆ ಪೊದೆ ತಟ್ಟಿ ಮೃಗವನ್ನು ಅಟ್ಟಣೆಯತ್ತ ಸೋವುತ್ತಿದ್ದವರು ಸುತ್ತಲ ಹಳ್ಳಿಯವರು. ಗುಂಡು ತಾಗಿ ಗಾಯಗೊಂಡ ಹುಲಿ ತಿರುಗಿ ನುಗ್ಗಿದರೆ ಮೊದಲು ಎದುರಾಗುವುದು ಈ ಬರಿಗೈಯವರು. ಬೇಟೆಯ ಲೆಕ್ಕಪುಸ್ತಕದಲ್ಲಿ ಹುಲಿಯ ಉದ್ದ ಅಂಗುಲ ಬಿಡದೆ ದಾಖಲಾಗುತ್ತಿತ್ತು.

ಚಾಮರಾಜನಗರದ ಬಳಿ ಮರಳಹಳ್ಳಿಯಲ್ಲಿ ಬೀಡುಬಿಟ್ಟಿದ್ದ ಜಿ. ಪಿ. ಸ್ಯಾಂಡರ್ಸನ್ ಎಂಬ ನೀರಾವರಿ ಅಧಿಕಾರಿ 1878ರಲ್ಲಿ ತನ್ನ ಹದಿಮೂರು ವರ್ಷದ ಕಾಡಿನ ಅನುಭವವನ್ನು ಪುಸ್ತಕವಾಗಿ ಬರೆದ. ಕಾಡಾನೆಗಳ ಹಿಂಡನ್ನು ಖೆಡ್ಡಕ್ಕೆ ಕೆಡವುವುದರಲ್ಲಿ ಗೆದ್ದವನೆಂದು ಅವನಿಗೆ ಹೆಸರು. ಆ ಪುಸ್ತಕದಲ್ಲಿ ನನಗೆ ಹಿಡಿಸಿದ್ದು ಅವನ ಸಾಹಸಗಳಲ್ಲ, ಹಳ್ಳಿಯವರು ಬಲೆ ಕಟ್ಟಿ ಹುಲಿ ಹಿಡಿಯುತ್ತಿದ್ದ ಬಗೆಯ ವರ್ಣನೆ. ಅಂದರೆ ಕೋವಿಯ ಸಾಹೇಬ ಬರುವ ಮೊದಲೇ ಆ ಜನಕ್ಕೆ ಹುಲಿಯ ವಿದ್ಯೆ ಗೊತ್ತಿತ್ತು. ಬೇಟೆಕಾಡು ಮಾಡಿದ್ದು ಇಷ್ಟೆ: ಆ ವಿದ್ಯೆಯನ್ನು ಕೂಲಿಗೆ ಕೊಂಡಿತು, ಹಕ್ಕನ್ನು ತಾನಿಟ್ಟುಕೊಂಡಿತು.

ಬೇಟೆಯ ಪ್ರಮಾಣ ಎಷ್ಟಿತ್ತೆಂದು ತಿಳಿಯಲು ಕಾಡಿಗಿಂತ ಮೈಸೂರು ಪಟ್ಟಣಕ್ಕೆ ಹೋಗಬೇಕು. ಅಲ್ಲಿ ವ್ಯಾನ್ ಇಂಗೆನ್ ಕುಟುಂಬದವರ ಚರ್ಮ ಹದಮಾಡುವ ಕಾರ್ಖಾನೆ ಇತ್ತು. ಸತ್ತ ಪ್ರಾಣಿಗೆ ಜೀವಂತ ನೋಟ ಕೊಡುವುದರಲ್ಲಿ ಅವರನ್ನು ಮೀರಿಸಿದವರಿರಲಿಲ್ಲ. ಸುಮಾರು 1900ರಿಂದ ಶತಮಾನದ ಕೊನೆಯವರೆಗೆ ಅದು ನಡೆಯಿತು. ಅವರ ಕೆಲಸದ ಚರಿತ್ರೆ ಬರೆದವರ ಅಂದಾಜಿನಂತೆ ಹುಲಿ ಮತ್ತು ಚಿರತೆ ಎರಡೇ ಸೇರಿ ಅಲ್ಲಿ ಹದಗೊಂಡದ್ದು 43 ಸಾವಿರದಷ್ಟು. ಎಲ್ಲವೂ ಮೈಸೂರಿನವಲ್ಲ, ದೇಶದ ಎಲ್ಲ ಮೂಲೆಯ ಅರಮನೆಗಳಿಂದ ಪೆಟ್ಟಿಗೆಗಳು ಬರುತ್ತಿದ್ದವು. ಆದರೂ ಸಂಖ್ಯೆಯನ್ನು ಕೇಳಿದ ಮೇಲೆ, ಅರಸರೇ ಹುಲಿ ಉಳಿಸಿದರು ಎಂಬ ಮಾತನ್ನು ಸಲೀಸಾಗಿ ಆಡುವುದು ಕಷ್ಟ.

ಹಾಗಂತ ಆ ಮಾತು ಪೂರಾ ಸುಳ್ಳೂ ಅಲ್ಲ. ಇಲ್ಲೇ ಈ ಚರಿತ್ರೆಯ ತೊಡಕಿರುವುದು. 1952ರಲ್ಲಿ ಭಾರತ ಸರ್ಕಾರ ವನ್ಯಜೀವಿ ಮಂಡಳಿ ಸ್ಥಾಪಿಸಿದಾಗ ಅದರ ಮೊದಲ ಅಧ್ಯಕ್ಷರಾದವರು ಮೈಸೂರಿನ ಜಯಚಾಮರಾಜ ಒಡೆಯರು. ಬೇಟೆಯಲ್ಲಿ ಪಳಗಿದ ಕೈಗೇ ರಕ್ಷಣೆಯ ಕಾಗದ ಬಂತು. ಮೊದಲ ಸಭೆಯೂ ಮೈಸೂರಿನಲ್ಲೇ ನಡೆಯಿತು. 1972ರಲ್ಲಿ ವನ್ಯಜೀವಿ ಸಂರಕ್ಷಣಾ ಕಾಯಿದೆ ಬಂತು. 1973ರಲ್ಲಿ ದೇಶದಲ್ಲಿ ಮೊದಲಿಗೆ ಒಂಬತ್ತು ಹುಲಿ ಯೋಜನೆಗಳನ್ನು ಗುರುತಿಸುವಾಗ ಬಂಡೀಪುರ ಅದರಲ್ಲೊಂದಾಯಿತು. ಎಲ್ಲೆ ಹೊಸದಾಗಿ ಎಳೆಯಬೇಕಾಗಿರಲಿಲ್ಲ. ಮಹಾರಾಜರ ಉದ್ಯಾನದ ಎಲ್ಲೆ ಇತ್ತು, ದಾರಿಗಳಿದ್ದವು, ಬೆಂಕಿ ತಡೆಯುವ ಪಟ್ಟಿಗಳಿದ್ದವು, ಕಾವಲುಗಾರರಿದ್ದರು, ಒಳಗೆ ಉಳುಮೆಯಿರಲಿಲ್ಲ. ಆಗ ಅಲ್ಲಿದ್ದ ಹುಲಿ ಹನ್ನೆರಡರ ಆಸುಪಾಸು ಎಂದು ಇಲಾಖೆಯ ಲೆಕ್ಕ. 2022ರ ಅಂದಾಜಿನಲ್ಲಿ ಅದು 150. ಹೆಜ್ಜೆ ಗುರುತು ಎಣಿಸಿದ ಅಂದಿನ ಲೆಕ್ಕಕ್ಕೂ ಕ್ಯಾಮೆರಾ ಕಟ್ಟಿ ಎಣಿಸಿದ ಇಂದಿನದಕ್ಕೂ ಅಳತೆಗೋಲು ಬೇರೆ ಬೇರೆ. ಅದನ್ನು ಕಳೆದರೂ ಏರಿಕೆ ನಿಜ.

ಎಲ್ಲೆಯ ಜತೆಗೆ ಎಲ್ಲೆಯ ಸ್ವಭಾವವೂ ಬಂತು. ದೊರೆಯ ಕಾಡಿನಲ್ಲಿ ಊರವನು ಕಳ್ಳಬೇಟೆಗಾರನಾಗಿದ್ದ, ಹುಲಿ ಯೋಜನೆಯಲ್ಲಿ ಅತಿಕ್ರಮಣದಾರನಾದ. ಅಂದು ಹೆಜ್ಜೆ ಹಿಡಿದುಕೊಟ್ಟವರ ಮಕ್ಕಳೇ ಮುಂದೆ ಕಾಡಿನಂಚಿನ ಕಾಲೊನಿಗಳಿಗೆ ಬಂದು ಬಿದ್ದರು. ಜೇನುಕುರುಬರ ಹಾಡಿಗಳು ಬಂಡೀಪುರ, ನಾಗರಹೊಳೆಗಳಿಂದ ಹೊರಬಂದ ಕಥೆ ನೀವು ಪತ್ರಿಕೆಗಳಲ್ಲಿ ಓದಿದ್ದೀರಿ. ಅತಿಥಿಗಳಿಗೆ ಮಾತ್ರ ಬಾಗಿಲು ಮುಚ್ಚಲಿಲ್ಲ. ಕಬಿನಿಯ ದಡದ ಕಾರಾಪುರದಲ್ಲಿ ಮಹಾರಾಜರ ಬೇಟೆ ಬಂಗಲೆ ಇತ್ತು. ಖೆಡ್ಡ ನೋಡಲು ಬಂದವರು ಅಲ್ಲಿ ತಂಗುತ್ತಿದ್ದರು. ಆ ಜಾಗ 1980ರ ದಶಕದಲ್ಲಿ ಸರ್ಕಾರದ ಜಂಗಲ್ ಲಾಡ್ಜಸ್ ಸಂಸ್ಥೆಯ ಪ್ರವಾಸಿ ತಂಗುದಾಣವಾಯಿತು. ಕೋವಿ ಹೋಗಿ ಕ್ಯಾಮೆರಾ ಬಂತು, ಅಟ್ಟಣೆ ಹೋಗಿ ಜೀಪು ಬಂತು. ಮುಂದಿನ ಸೀಟಿನಲ್ಲಿ ಕೂತು ಹುಲಿ ತೋರಿಸುವವನು ಹೆಚ್ಚುಕಡಿಮೆ ಹಳೆಯ ಊರಿನವನೇ. ಬಿಳಿಗಿರಿರಂಗನ ಬೆಟ್ಟದ ಸೋಲಿಗರು ಮಾತ್ರ 2006ರ ಅರಣ್ಯ ಹಕ್ಕು ಕಾಯಿದೆಯನ್ನು ಹಿಡಿದು ಹೋರಾಡಿ, ಬೆಟ್ಟ ಹುಲಿ ಸಂರಕ್ಷಿತ ಪ್ರದೇಶವಾದ 2011ರಲ್ಲೇ ಸಮುದಾಯ ಹಕ್ಕುಪತ್ರ ಪಡೆದರು. ಹುಲಿ ಕಾಡಿನೊಳಗೆ ಅಂಥ ಹಕ್ಕು ಪಡೆದ ಮೊದಲಿಗರು ಅವರು.

ಇನ್ನು ನಮ್ಮ ಕಡೆಗೆ ಬರೋಣ.

ಬಳ್ಳಾರಿ 1800ರಿಂದ 1953ರವರೆಗೆ ಮದ್ರಾಸಿನ ಆಡಳಿತದಲ್ಲಿತ್ತು. ಮದ್ರಾಸ್ ಸರ್ಕಾರ 1879ರಲ್ಲೇ ಬೇಟೆ ಪ್ರಾಣಿಗಳ ರಕ್ಷಣೆಗೆ ಕಾನೂನು ಮಾಡಿತು, ಆದರೆ ನೀಲಗಿರಿಗೆ ಮಾತ್ರ. ಸಾಹೇಬರು ಬೇಸಿಗೆ ಕಳೆಯುವ ತಂಪು ಬೆಟ್ಟವನ್ನು ಕಾಯಬೇಕಿತ್ತು. ಬಳ್ಳಾರಿಯ ಬಿಸಿಲಿಗೆ ಕಾನೂನಿನ ನೆರಳು ಬೇಡ ಎನಿಸಿರಬೇಕು. ಇಲ್ಲಿ ದಂಡಿತ್ತು, ಕಂಟೋನ್ಮೆಂಟ್ ಇತ್ತು, ಬೇಟೆಯ ಹುಚ್ಚಿನ ಅಧಿಕಾರಿಗಳಿದ್ದರು. ಸುತ್ತ ಎರೆಯ ಬಯಲಿನಲ್ಲಿ ಕೃಷ್ಣಮೃಗದ ಹಿಂಡುಗಳಿದ್ದವು, ದೊಡ್ಡ ಎರೆಹಕ್ಕಿ ಇತ್ತು. ಬೇಟೆ ಧಾರಾಳವಾಗಿತ್ತು, ಬೇಟೆಕಾಡು ಮಾತ್ರ ಇರಲಿಲ್ಲ.

ಎರೆಹಕ್ಕಿಯ ಬಗ್ಗೆ ಎರಡು ಮಾತು ಹೆಚ್ಚೇ ಹೇಳಬೇಕು. ಮೊಳಕಾಲಿಗಿಂತ ಎತ್ತರದ, ಗಂಡು ಹದಿನೈದು ಕಿಲೋವರೆಗೂ ತೂಗುವ ಹಕ್ಕಿ. ಹಾರಬಲ್ಲ ಹಕ್ಕಿಗಳಲ್ಲಿ ಅತಿ ಭಾರದವುಗಳ ಸಾಲಿಗೆ ಸೇರಿದ್ದು. ಮರದ ಹಂಗಿಲ್ಲ, ಬಯಲಲ್ಲೇ ಬಾಳು, ನೆಲದ ಮೇಲೇ ಮೊಟ್ಟೆ, ಅದೂ ಸಾಮಾನ್ಯವಾಗಿ ಒಂದೇ ಒಂದು. ಇಷ್ಟು ದೊಡ್ಡ ಗುರಿ, ಇಷ್ಟು ಬಟಾಬಯಲು, ಇಷ್ಟು ರುಚಿಯ ಮಾಂಸ ಎಂದು ಬೇಟೆಗಾರರು ಬೆನ್ನುಬಿದ್ದರು. ಅಹಮದ್‌ನಗರದಲ್ಲಿ ರಾಬರ್ಟ್ ಮ್ಯಾನ್ಸ್‌ಫೀಲ್ಡ್ ಎಂಬಾತನೊಬ್ಬನೇ 1809ರಿಂದ 1829ರೊಳಗೆ 961 ಎರೆಹಕ್ಕಿ ಹೊಡೆದ ಲೆಕ್ಕವಿದೆ. ಇವತ್ತು ಇಡೀ ದೇಶದ ಬಯಲುಗಳಲ್ಲಿ ಉಳಿದಿರುವುದು 150ಕ್ಕಿಂತ ಕಡಿಮೆ ಎನ್ನುತ್ತಾರೆ ಬಲ್ಲವರು. ಕರ್ನಾಟಕದ ಪಾಲಿಗೆ ಬೆರಳೆಣಿಕೆಯಷ್ಟು, ಅವು ಕಾಣಿಸಿಕೊಳ್ಳುವುದು ನಮ್ಮ ಸಿರುಗುಪ್ಪ ತಾಲ್ಲೂಕಿನಲ್ಲಿ. ರಾಷ್ಟ್ರಪಕ್ಷಿ ಯಾವುದಾಗಬೇಕೆಂಬ ಚರ್ಚೆಯಲ್ಲಿ ಸಲೀಂ ಅಲಿಯವರು ಈ ಹಕ್ಕಿಯ ಪರ ನಿಂತಿದ್ದರು. 1963ರಲ್ಲಿ ಆ ಪಟ್ಟ ನವಿಲಿಗೆ ಹೋಯಿತು.

ಎರೆಹಕ್ಕಿಯ ಕಷ್ಟಕ್ಕೆ ಕೋವಿಯೊಂದೇ ಕಾರಣವಲ್ಲ. ಅರಸನ ಕಣ್ಣಿಗೆ ಕಾಡೆಂದರೆ ಮರ, ಆನೆ, ಹುಲಿ. ಕಂದಾಯದ ಕಣ್ಣಿಗೆ ಹುಲ್ಲುಗಾವಲೆಂದರೆ ಬಂಜರು. ಹುಲಿಯ ಘನತೆ ದಕ್ಕದ ಪ್ರಾಣಿಗಳ ನೆಲ ಯಾರ ಕಾವಲಿಗೂ ಬರಲಿಲ್ಲ. ಇದಕ್ಕೆ ಒಂದು ಅಪವಾದವಿತ್ತು. ಮೈಸೂರಿನ ಅರಸರು ದಂಡಿನ ಎತ್ತುಗಳಿಗಾಗಿ ಉಳಿಸಿಕೊಂಡ ಅಮೃತ್ ಮಹಲ್ ಕಾವಲುಗಳು. ಹತ್ತೊಂಬತ್ತನೆಯ ಶತಮಾನದಲ್ಲಿ ಅವು ನಾಲ್ಕು ಲಕ್ಷ ಎಕರೆಯಷ್ಟಿದ್ದವು. ದನಕ್ಕೆಂದು ಉಳಿದ ಹುಲ್ಲಿನಲ್ಲಿ ಕೃಷ್ಣಮೃಗವೂ ತೋಳವೂ ಉಳಿದವು. ಮುಂದೆ ಆ ಕಾವಲುಗಳೂ ಹಂಚಿಹೋದವು. ಚಳ್ಳಕೆರೆಯ ಕಡೆಯವನ್ನು ರಕ್ಷಣಾ ಮತ್ತು ಅಣುಶಕ್ತಿ ಸಂಸ್ಥೆಗಳಿಗೆ ಕೊಟ್ಟದ್ದು ಈಚಿನ ಸಂಗತಿ.

ಹುಲ್ಲನ್ನು ರಕ್ಷಿಸಲು ಹೊರಟಾಗ ನಮಗೆ ಅದೂ ಬರಲಿಲ್ಲ. ಹಾವೇರಿ ಜಿಲ್ಲೆಯ ರಾಣೆಬೆನ್ನೂರಿನಲ್ಲಿ 1974ರಲ್ಲಿ 119 ಚದರ ಕಿಲೋಮೀಟರಿನ ಕೃಷ್ಣಮೃಗ ಧಾಮವಾಯಿತು. ಎರೆಹಕ್ಕಿಯೂ ಅಲ್ಲಿತ್ತು. ಬಯಲು ಖಾಲಿ ಇದೆಯಲ್ಲ ಎಂದು ಅದರ ಬಹುಪಾಲಿಗೆ ನೀಲಗಿರಿ ನೆಟ್ಟಿದ್ದರು. ಕೃಷ್ಣಮೃಗ ಹೇಗೋ ಒಗ್ಗಿಕೊಂಡು ಹೆಚ್ಚಿತು. ಎರೆಹಕ್ಕಿ ಹೋಯಿತು. ಕಳ್ಳಬೇಟೆಗಾರನನ್ನು ತಡೆಯಲು ಕಾನೂನಿದೆ. ಸದುದ್ದೇಶದಿಂದ ಸಸಿ ನೆಡುವವರನ್ನು ತಡೆಯಲು ಏನಿದೆ?

ಸಂಡೂರಿನ ಹೆಸರೆತ್ತದೆ ಬಳ್ಳಾರಿಯಲ್ಲಿ ಕಾಡಿನ ಮಾತು ಮುಗಿಯದು. ನಮ್ಮ ನೆರೆಯಲ್ಲೇ ಘೋರ್ಪಡೆ ಮನೆತನದ ಪುಟ್ಟ ಸಂಸ್ಥಾನವಿತ್ತು. ಇಲ್ಲಿ ಅರಸನೂ ಇದ್ದ, ಬೆಟ್ಟವೂ ಇತ್ತು, ಕಾಡೂ ಇತ್ತು. ಆದರೆ ಕಾಡಿನ ದೊಡ್ಡ ಪಾಲು 1882ರಲ್ಲೇ ಮದ್ರಾಸ್ ಸರ್ಕಾರಕ್ಕೆ ಗುತ್ತಿಗೆಯಾಗಿ ಹೋಯಿತು. ಇಪ್ಪತ್ತನೆಯ ಶತಮಾನದ ಮೊದಲ ದಶಕದಲ್ಲೇ ಮ್ಯಾಂಗನೀಸಿಗೆ ಬೆಟ್ಟ ಅಗೆಯಲು ಶುರುವಾಯಿತು. 1949ರಲ್ಲಿ ಸಂಸ್ಥಾನ ಮದ್ರಾಸಿನಲ್ಲಿ ವಿಲೀನವಾಯಿತು. ಬಂಡೀಪುರದ ಮಣ್ಣಿನಡಿ ಅಗೆಯುವಂಥದ್ದಿರಲಿಲ್ಲ, ಸಂಡೂರಿನಡಿ ಕಬ್ಬಿಣವಿತ್ತು. ಎರಡು ಅರಸರ ಕಾಡುಗಳು ಎರಡು ದಾರಿ ಹಿಡಿದದ್ದಕ್ಕೆ ಇದಕ್ಕಿಂತ ದೊಡ್ಡ ಕಾರಣವನ್ನು ನಾನು ಹುಡುಕುವುದಿಲ್ಲ. 2011ರಲ್ಲಿ ಲೋಕಾಯುಕ್ತರ ವರದಿ ಬಂದು, ಸುಪ್ರೀಂ ಕೋರ್ಟು ಜಿಲ್ಲೆಯ ಗಣಿಗಾರಿಕೆಯನ್ನೇ ನಿಲ್ಲಿಸುವ ಹೊತ್ತಿಗೆ ಬೆಟ್ಟಗಳ ಬೆನ್ನು ಎಷ್ಟು ಸವೆದಿತ್ತೆಂಬುದನ್ನು ಕೆಂಪು ಧೂಳು ಕುಡಿದ ನಿಮಗೆ ನಾನು ಹೇಳಬೇಕಿಲ್ಲ.

ಅದೇ ಮನೆತನದ ಎಂ. ವೈ. ಘೋರ್ಪಡೆಯವರು ಕಾಡಿಗೆ ಹೋದದ್ದು ಕ್ಯಾಮೆರಾ ಹಿಡಿದು. ಕಪ್ಪುಬಿಳುಪಿನ ಅವರ ವನ್ಯಜೀವಿ ಚಿತ್ರಗಳು ಹೊರದೇಶಗಳಲ್ಲೂ ಮನ್ನಣೆ ಪಡೆದವು. ಬಂಡೀಪುರ ಹುಲಿ ಯೋಜನೆಯಾದ 1973ರಲ್ಲಿ ದೇವರಾಜ ಅರಸರ ಸಂಪುಟದಲ್ಲಿ ಹಣಕಾಸು ಮಂತ್ರಿಯಾಗಿದ್ದವರೂ ಅವರೇ. ಮೈಸೂರರಸರ ಬೇಟೆಕಾಡು ಹುಲಿಯ ಕೈಸೇರಿದಾಗ ರಾಜ್ಯದ ಬೊಕ್ಕಸ ಸಂಡೂರು ಅರಸುಮಗನ ಕೈಯಲ್ಲಿತ್ತು.

ದರೋಜಿಯ ಕಥೆ ಈ ಎರಡಕ್ಕಿಂತ ಬೇರೆ. 1994ರಲ್ಲಿ ಬಿಳಿಕಲ್ಲು ಕಾದಿಟ್ಟ ಅರಣ್ಯದ ಸುಮಾರು 55 ಚದರ ಕಿಲೋಮೀಟರು ಕರಡಿಧಾಮವಾಯಿತು. ಆಮೇಲೆ ಬುಕ್ಕಸಾಗರದ ಕಡೆಯ ಗುಡ್ಡಗಳೂ ಸೇರಿ ಅದು 82 ದಾಟಿತು. ಕರಡಿಯ ಘನತೆಗೆ ಮರುಳಾದ ಅರಸ ಯಾರೂ ಇರಲಿಲ್ಲ. ಗುಂಡುಕಲ್ಲಿನ ಗುಡ್ಡ ಉಳುಮೆಗೆ ಬಾರದು, ಅದಿರೂ ಸಿಗದು. ಯಾರಿಗೂ ಬೇಡವಾದ ಕಲ್ಲಿನ ಸಂದುಗಳಲ್ಲಿ ಕರಡಿ ತನ್ನ ಪಾಡಿಗೆ ಉಳಿಯಿತು, ಧಾಮ ಆಮೇಲೆ ಬಂತು. ಮಧ್ಯಾಹ್ನ ಬಂಡೆಗೆ ಬೆಲ್ಲದ ಪಾಕ ಸವರಿ ಪ್ರವಾಸಿಗರಿಗೆ ಕರಡಿ ತೋರಿಸುವ ಪದ್ಧತಿ ನನಗೆ ಅಷ್ಟು ಹಿತವೆನಿಸುವುದಿಲ್ಲ. ಕಟ್ಟಿದ ಕರುವಿನ ನೆನಪಾಗುತ್ತದೆ. ಇಲ್ಲಿ ಅದರ ಕೊನೆಗೆ ಗುಂಡಿಲ್ಲ ಎಂಬುದು ನಿಜ, ಅದು ಸಣ್ಣ ವ್ಯತ್ಯಾಸವೂ ಅಲ್ಲ.

ಎರೆಯ ಬಯಲಿಗೆ ಆ ಕಲ್ಲಿನ ಭಾಗ್ಯವಿಲ್ಲ. ಅದು ಎಲ್ಲರಿಗೂ ಬೇಕಾದ ನೆಲ. ತುಂಗಭದ್ರೆಯ ಕಾಲುವೆ ಬಂದ ಮೇಲೆ ಸಿರುಗುಪ್ಪ ಭತ್ತದ ತಾಲ್ಲೂಕಾಯಿತು. ಜೋಳ, ಕಡಲೆ, ಬೀಳುಹೊಲಗಳಿದ್ದ ಕಡೆ ನೀರು ನಿಂತಿತು, ರೈಸ್‌ಮಿಲ್ಲುಗಳೆದ್ದವು. ಕುರುಗೋಡಿನ ಕಡೆಗೂ ಹಾಗೇ. ಇದನ್ನು ದೂರಲು ನನಗೆ ಬಾಯಿಲ್ಲ, ಬರ ಕಂಡ ಸೀಮೆಯಿದು. ಕಾಲುವೆ ಮುಟ್ಟದ ಒಣ ಹೊಲಗಳಲ್ಲಷ್ಟೇ ಎರೆಹಕ್ಕಿ ಕಾಣುತ್ತದೆ, ಮತ್ತು ಅವೆಲ್ಲ ಪಟ್ಟಾ ಜಮೀನುಗಳು. ಮಹಾರಾಜರ ಹಾಗೆ ಗೆರೆ ಎಳೆದು ಊರವರನ್ನು ಹೊರಗಿಡಲು ಇಲ್ಲಿ ಆಗದು, ಆಗಬಾರದು ಕೂಡ. ಪಕ್ಕದ ಕರ್ನೂಲು ಸೀಮೆಯ ರೋಳ್ಳಪಾಡಿನಲ್ಲಿ 1988ರಲ್ಲಿ ಆರು ಚದರ ಕಿಲೋಮೀಟರಿನ ಎರೆಹಕ್ಕಿ ಧಾಮ ಮಾಡಿ ನೋಡಿದರು. ಧಾಮ ಇದೆ, ಹಕ್ಕಿಯ ಸಂಖ್ಯೆ ಬಿದ್ದುಹೋಯಿತು. ಬಲು ದೂರ ತಿರುಗಾಡುವ ಹಕ್ಕಿಗೆ ಆರು ಚದರ ಕಿಲೋಮೀಟರು ಯಾವ ಲೆಕ್ಕ?

ಉಳಿದ ದಾರಿ ರೈತನ ಜತೆ ಕೂತು ಮಾತಾಡುವುದು. ಮುಂಗಾರಿನಲ್ಲಿ ಮೊಟ್ಟೆಯಿಡುವ ತಿಂಗಳುಗಳಿಗೆ ಇಂತಿಷ್ಟು ಹೊಲವನ್ನು ಬೀಳು ಬಿಟ್ಟರೆ ಎಕರೆಗೆ ಗುತ್ತಿಗೆಯಷ್ಟು ಹಣ, ಅದೂ ಅದೇ ವರ್ಷ ಕೈಗೆ ಸಿಗುವಂತೆ. ಕಡಲೆ ಜೋಳಕ್ಕೆ ಭತ್ತದ ಆಸೆ ಹುಟ್ಟದಂಥ ಬೆಲೆ. ಹಕ್ಕಿ ಹಾರುವ ದಾರಿಯ ವಿದ್ಯುತ್ ತಂತಿಗಳನ್ನು ನೆಲದಡಿ ಒಯ್ಯುವುದು. ಹಕ್ಕಿ ಎಲ್ಲಿ ಕೂತಿದೆ ಎಂದು ಎಲ್ಲರಿಗಿಂತ ಮೊದಲು ಬಲ್ಲ ಕುರಿಗಾರನಿಗೆ ಕಾವಲಿನ ಸಂಬಳ. ಬಂಡೀಪುರದಲ್ಲಿ ಹೆಜ್ಜೆ ಹಿಡಿದವನಿಗೆ ನಾವು ಕೂಲಿ ಕೊಟ್ಟು ಹೊರಗೆ ಕಳಿಸಿದೆವು. ಸಿರುಗುಪ್ಪದಲ್ಲಿ ಅವನು ಜಮೀನಿನ ಯಜಮಾನ, ಕಳಿಸಲಾಗದು. ಈ ಲೆಕ್ಕವನ್ನು ಅರಣ್ಯ ಇಲಾಖೆಯೊಂದೇ ಹಾಕಲಾರದು, ಕೃಷಿ, ಕಂದಾಯ, ವಿದ್ಯುತ್ ಇಲಾಖೆಗಳೂ ಕೂಡಬೇಕು. ಹಾಗಾಗಿ ಇದನ್ನು ಮೊದಲು ಕೇಳಬೇಕಾದ ಜಾಗ ಬೆಂಗಳೂರಿನ ಅರಣ್ಯಭವನಕ್ಕಿಂತ ಇಲ್ಲಿಂದ ಕೂಗಳತೆಯ ನಮ್ಮ ಜಿಲ್ಲಾ ಪಂಚಾಯಿತಿ. ಸಭೆಯಲ್ಲಿ ಸಿರುಗುಪ್ಪದ ರೈತರಿದ್ದರೆ ಎಕರೆಗೆ ಎಷ್ಟು ಕೊಟ್ಟರೆ ಹೊಲ ಬೀಳು ಬಿಡುತ್ತೀರಿ ಎಂಬುದನ್ನು ಪ್ರಶ್ನೋತ್ತರದಲ್ಲಿ ನನಗೆ ಹೇಳಿ.